ಬೀಸುವ ಹಾಡಿನ ಮೊದಲ ನುಡಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನೆಂಟರ ಮದುವೆಗಳಲ್ಲಿ ನಾನು ಟೇಪ್‌ರೆಕಾರ್ಡರ್ ಹಿಡಿದು ಅವ್ವನ ಬೀಸುಕಲ್ಲಿನ ಮುಂದೆ ಕೂತದ್ದು ಎಂ.ಎ. ಓದುವಾಗಲೋ ಮುಗಿದ ಮೇಲೋ, ಈಗ ಖಚಿತವಿಲ್ಲ. ನಮ್ಮೂರು ಡಫಳಾಪುರಕ್ಕೆ ಹಿಟ್ಟಿನ ಗಿರಣಿ ಬಂದ ಮೇಲೂ ನಮ್ಮವರಲ್ಲಿ ಮದುವೆಯ ಮೊದಲ ಹಿಟ್ಟನ್ನು ಕೈಯಿಂದಲೇ ಬೀಸಬೇಕಿತ್ತು. ಬೀಸುವವಳು ತಾನು ಹೆತ್ತ ಮಕ್ಕಳಿಗೆಲ್ಲ, ಹುಟ್ಟಿದ ಕ್ರಮದಲ್ಲೇ, ಒಂದೊಂದು ನುಡಿ ಹಾಡಬೇಕು. ಒಬ್ಬರನ್ನು ಬಿಟ್ಟರೂ ಆ ಹಿಟ್ಟು ಮದುವೆಗೆ ಸಲ್ಲದು.

ಅವ್ವ ತೀರಿಕೊಂಡ ಮೇಲೆ, ಎರಡು ಸಾವಿರದ ದಶಕದ ಕೊನೆಗೆ, ಆ ಹಾಡುಗಳನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿದೆ. ಕಲ್ಲಿನ ಗುಡುಗಿನ ನಡುವೆ ಕೇಳಿಸಿದಷ್ಟನ್ನು, ತುಂಡುತುಂಡಾಗಿ. ಮಕ್ಕಳ ನುಡಿಗಳನ್ನಷ್ಟೇ ಒಟ್ಟಿಗೆ ನೋಡಬೇಕೆನಿಸಿತು. ಎಡಿಟರಿನ ಹುಡುಕುವ ಪೆಟ್ಟಿಗೆಯಲ್ಲಿ ಪದದ ಹಲವು ರೂಪಗಳನ್ನು ಒಂದೇ ಸಲಕ್ಕೆ ಹುಡುಕುವ ‘ವಿಸ್ತೃತ ರೆಗ್ಯುಲರ್ ಎಕ್ಸ್‌ಪ್ರೆಶನ್’ ಆರಿಸಿಕೊಂಡು ಹೀಗೆ ಬರೆದೆ:

ನನ ಮಗ(ಳ)?

ಕಂಸದ ನಂತರದ ಪ್ರಶ್ನಾರ್ಥಕ ಚಿಹ್ನೆ ಅಲ್ಲಿ ಏನನ್ನೂ ಕೇಳುವುದಿಲ್ಲ. ‘ಳ’ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎನ್ನುತ್ತದೆ, ಅಷ್ಟೇ. ಮಗ, ಮಗಳು ಇಬ್ಬರೂ ಸಿಗುತ್ತಾರೆ.

ಸಾಲುಗಳು ಒಂದರ ಕೆಳಗೊಂದು ಬಂದವು. ಅಣ್ಣನ ನುಡಿ, ಅದಾದ ಮೇಲೆ ಪಾಟಿಚೀಲ ಹೊತ್ತ ನನ್ನದು. ನಾವು ಇಬ್ಬರೇ ಮಕ್ಕಳು. ಆದರೆ ಪ್ರತಿ ಹಾಡಿನಲ್ಲೂ ಅಣ್ಣನಿಗಿಂತ ಮೊದಲು ಇನ್ನೊಂದಿತ್ತು:

ಬನ್ನೀಯ ಬುಡದಾಗ ಮಲಗ್ಯಾಳ ನನ ಮಗಳ
ಬಿಸಲೇ ನೀ ಬೀಳಬ್ಯಾಡ ಅವಳ ಮ್ಯಾಲ

ಟೈಪು ಮಾಡುವಾಗ ಅದನ್ನೂ ನನ್ನದೇ ಅಂದುಕೊಂಡಿದ್ದೆ. ಕ್ಯಾಸೆಟ್ಟುಗಳನ್ನು ಮತ್ತೆ ಕೇಳಿದೆ. ಕ್ರಮ ತಪ್ಪಿರಲಿಲ್ಲ.

ಅವ್ವನ ತಂಗಿ, ನನ್ನ ಮಾವಶಿ, ಬೆಳುಂಕಿಯಲ್ಲಿದ್ದಾಳೆ. ನಾನು ಹೋದಾಗ ಮಾವಶಿ ಶೇಂಗಾ ಸುಲಿಯುತ್ತಿದ್ದಳು. ಆ ನುಡಿಯನ್ನು ಓದಿದೆ.

“ಹಾಡಿನ್ಯಾಗ ಏನರೆ ಅಂತಾರವಾ. ಕುಂದ್ರ, ಚಾ ಇಡ್ತೀನಿ.”

“ಎಲ್ಲಾ ಹಾಡಿನ್ಯಾಗೂ ಐತಿ, ಮಾವಶಿ. ಅಣ್ಣಗಿಂತ ಮದಲ.”

“ಭಾಳ ಶಾಣ್ಯಾಕಿ ಆಗೀದಿ. ಇಷ್ಟ ಸಾಲಿ ಕಲತದ್ದು ಸತ್ತ ಕೂಸಿನ ಎಬ್ಬಸಾಕೇನ?”

ಅಂದವಳೇ ಸಿಪ್ಪೆಯನ್ನೆಲ್ಲ ಬುಟ್ಟಿಗೆ ತುಂಬತೊಡಗಿದಳು. ಸತ್ತಿದೆ ಎಂದು ಹಾಡು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ನಮ್ಮ ಹೊಲದಲ್ಲಿ ಬನ್ನಿ ಗಿಡವಿಲ್ಲ. ಅಣ್ಣ ಹುಟ್ಟುವ ಮೊದಲು ಅಪ್ಪ ಅವ್ವ ಕಬ್ಬು ಕಡಿಯಲು ವರ್ಷಕ್ಕೊಂದು ಊರಿಗೆ ಹೋಗುತ್ತಿದ್ದರಂತೆ. ಅಪ್ಪನೂ ಈಗಿಲ್ಲ. ಮಾವಶಿ ಸಿಪ್ಪೆಯ ಬುಟ್ಟಿ ಎತ್ತಿಕೊಂಡು ಒಳಗೆ ನಡೆದಳು. ಅವಳ ಬೆನ್ನಿಗೆ ಕೇಳಿದೆ:

“ಆ ಬನ್ನಿ ಗಿಡ ಯಾವ ಊರಾಗೈತಿ, ಮಾವಶಿ?”