ಬೀಸುವ ಪದಗಳ ವಾಲ್ಯೂಮ್

ಸೇಡಂನ ಕನ್ನಡ ಮೇಡಂ ಒಬ್ಬರು ತೆಂಗಳಿಯ ಮುದುಕಿಯರ ಬೀಸುವ ಪದಗಳನ್ನು ರೆಕಾರ್ಡ್ ಮಾಡಿ ಕಾಲೇಜಿನ ಸರ್ವರಿನಲ್ಲಿಟ್ಟಿದ್ದರು. ಅವನ್ನು ಕೇಳಿಸುವ ತಂತ್ರಾಂಶವಿದ್ದ ಅಲ್ಲಿನ ಹಳೆಯ ಕಂಟೇನರ್ ಅಳಿಸಿ ಹೊಸದು ಹಾಕಲು ಹೋದವನು ನಾನು. ಹಾಕಿದ ಮೇಲೆ ನೋಡಿದರೆ ಪದಗಳ ಪಟ್ಟಿಯೇ ಖಾಲಿ.

“ಹಾಡಿದೋರು ಈಗ ಒಬ್ಬರೂ ಉಳದಿಲ್ರಿ,” ಎಂದರು ಮೇಡಂ ಮೆಲ್ಲಗೆ.

ಹುಡುಕಿದಾಗ ತಿಳಿಯಿತು, ಪದಗಳು ಇದ್ದದ್ದು ಕಂಟೇನರಿನೊಳಗಲ್ಲ, ಹೊರಗೆ ಕಡತಗಳಿಗೆಂದೇ ಬೇರೆ ಇರುವ ವಾಲ್ಯೂಮ್ ಎಂಬ ಜಾಗದಲ್ಲಿ. ಹೊಸ ಕಂಟೇನರಿಗೆ ನಾನು ಖಾಲಿ ವಾಲ್ಯೂಮ್ ಜೋಡಿಸಿಬಿಟ್ಟಿದ್ದೆ. ಹಳೆಯದನ್ನು ಜೋಡಿಸಿದೆ. ಬೀಸುಕಲ್ಲಿನ ಸದ್ದಿನೊಂದಿಗೆ ಅಜ್ಜಿಯೊಬ್ಬಳ ದನಿ ಕೋಣೆ ತುಂಬಿತು. ನನಗೆ ಹೋದ ಜೀವ ಬಂದಂತಾಯಿತು.

“ಎಲ್ಲಾ ಬಂದಾವೇನ್ರಿ ಮೇಡಂ?”

ಅವರು ಕಣ್ಣೊರೆಸಿಕೊಂಡು ನಕ್ಕರು. “ಭಾಳ ಛಲೋ ಆತ್ರಿ. ನಡುವ ನಾ ಹಾಡಿದ್ದೂ ಒಂದದ, ಅದೊಂದು ಹೋಗಿದ್ರ ನಡೀತಿತ್ತು.”

ಹೊರಡುವ ಮುಂಚೆ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿದೆ, ಮೇಡಂ ಹಾಡಿದ್ದನ್ನೂ ಬಿಡಲಿಲ್ಲ.