ದ್ವೀಪದ ಪರವಾನಗಿ

ಅವರ ಬಲಗೈ ಹೆಬ್ಬೆರಳು ಸದಾ ನೀಲಿಯಾಗಿರುತ್ತಿತ್ತು. ಸಹಿ ಬಾರದವರ ಬೆರಳನ್ನು ತಾವೇ ಹಿಡಿದು ಶಾಯಿಗೆ ಅದ್ದಿ, ಕಾಗದಕ್ಕೆ ಒತ್ತಿಸಿ ಹತ್ತಿದ ಬಣ್ಣ.

ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಹಿಂದೆ, ಪರದೇಶದಿಂದ ಬಂದ ಹಣ ಕೊಡುವ ಅಂಗಡಿ ಅವರದು. ಊರಿಗೆಲ್ಲ ಅವರು ಕಾಕಾ. ನನ್ನ ಮೊಮ್ಮಗಳಿಗೆ ಹುಟ್ಟಿದಾಗಲೇ ಒಂದು ಪಾದ ಒಳಗೆ ತಿರುಗಿತ್ತು. ಅದರ ಆಪರೇಷನ್ನಿಗೆಂದು ಅಳಿಯ ದುಬೈಯಿಂದ ಕಳಿಸುತ್ತಿದ್ದ ಹಣ ಅವರ ಕೈಯಿಂದಲೇ ನನಗೆ ಬರುತ್ತಿತ್ತು.

ಹೊಸಬರಿಗೆ ಕಾಕಾ ಗೋಡೆಯ ಮೇಲಿನ ಪರವಾನಗಿ ಓದಿ ಹೇಳಿ, ದೂರು ಕೊಡುವ ಕಚೇರಿಯ ವಿಳಾಸವನ್ನು ಅವರ ಬಾಯಿಂದಲೇ ಹೇಳಿಸುತ್ತಿದ್ದರು. "ನನ್ನ ಮ್ಯಾಲ ಜಗಳಾ ತಗೀಬೇಕಂದ್ರ ಎಲ್ಲಿ ಹೋಗಬೇಕಂತ ಗೊತ್ತಿರಬೇಕ್ರೆವಾ."

ಆಮೇಲೆ ಹಣ ಕಳಿಸುವ ಮೊಬೈಲ್ ಆ್ಯಪ್ ಬಂತು. ಕಮಿಷನ್ ಇಲ್ಲ, ಪಾಳಿ ಇಲ್ಲ. ಅದರ ಏಜೆಂಟ್ ನಮ್ಮ ಓಣಿಯಲ್ಲಿ ಅಂಗಡಿ ತೆರೆದು, ಯಾವುದೋ ದ್ವೀಪದ ಬಂಗಾರದ ಮುದ್ರೆಯ ಕಾಗದಕ್ಕೆ ಕಟ್ಟು ಹಾಕಿಸಿ, ಚೆಂಡುಹೂವಿನ ಮಾಲೆ ಏರಿಸಿ ಕಾಯಿ ಒಡೆದ. ಫಾರಿನ್ ಪರವಾನಗಿ ನಮ್ಮ ದೇಶದ್ದಕ್ಕಿಂತ ದೊಡ್ಡದೆಂದು ತಿಳಿದೆವು. ನಾನಂತೂ ಆ ಕಾಗದಕ್ಕೆ ಕೈಮುಗಿದೆ.

ಕಾಕಾ ಅದರ ಫೋಟೊ ನೋಡಿ ಹೇಳಿದರು: "ಅಕ್ಕಾರ, ಕಂಪನಿ ಅಲ್ಲಿ ಹುಟ್ಟೇತಿ ಅನ್ನೂ ಕಾಗದಾ ಇದು. ಮಂದಿ ರೊಕ್ಕಾ ಮುಟ್ಟಾಕ ಪರವಾನಗಿ ಅಲ್ಲ. ಇಲ್ಲೀದಂತೂ ಏನೂ ಇಲ್ಲ."

"ಗಿರಾಕಿ ಹೋಗ್ತಾರಂತ ಹೊಟ್ಟಿಕಿಚ್ಚೇನ್ರಿ ಕಾಕಾ?" ಎಂದೆ, ಎಲ್ಲರೆದುರು.

ಅವರು ಶಾಯಿಯ ಡಬ್ಬಿ ಮುಚ್ಚಿದರು. ಓಣಿಯ ಮನೆಮನೆಗೆ ಹೋಗಿ ಅವರ ಗಿರಾಕಿ ಬಿಡಿಸಿದವಳೂ ನಾನೇ. ಆರು ತಿಂಗಳಲ್ಲಿ ಅಂಗಡಿ ಮುಚ್ಚಿತು.

ಅದರ ಬೆನ್ನಿಗೇ ಆ್ಯಪ್ ನಿಂತಿತು. ಆಪರೇಷನ್ನಿನ ಹಣವೆಲ್ಲ ಒಳಗೇ ಉಳಿಯಿತು, ಏಜೆಂಟ್ ಓಡಿಹೋದ. ಯಾವ ಕಚೇರಿಗೆ ಹೋದರೂ ಆ ಕಂಪನಿ ನಮ್ಮ ಹತೋಟಿಯಲ್ಲಿಲ್ಲ ಎಂದರು. ಕೊನೆಗೆ ನಾಚಿಕೆ ಬಿಟ್ಟು ಕಾಕಾ ಮನೆಗೆ ಹೋದೆ. ಅವರು ಹಳೆಯದನ್ನು ಎತ್ತಿ ಆಡಲಿಲ್ಲ. ಆ ದ್ವೀಪಕ್ಕೂ ಅರ್ಜಿ ಬರೆದರು. ಹೆಸರು ನೋಂದಾಯಿಸಿದ್ದಷ್ಟೇ ನಾವು, ಹಣಕ್ಕೆ ಹೊಣೆಯಲ್ಲ ಎಂದು ಉತ್ತರ ಬಂತು. ಆಮೇಲೆ ಕಾಕಾ ನಾಲ್ಕು ಸಲ ವಿಜಯಪುರಕ್ಕೆ ಅಲೆದು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಆಪರೇಷನ್ನಿಗೆ ಹುಡುಗಿಯ ಹೆಸರು ಹಚ್ಚಿಸಿದರು. ಅವಳ ಪಾಳಿ ಬರುವ ಮೊದಲೇ ಎದೆನೋವು ಬಂದು ತೀರಿಕೊಂಡರು.

ನಿನ್ನೆ ನನ್ನ ಮೊಮ್ಮಗಳು ಓಡಿದಳು! ಎರಡೂ ಪಾದ ಸಮನಾಗಿ ಊರಿ, ಕೋಳಿಯ ಬೆನ್ನು ಹತ್ತಿ, ಅಂಗಳದ ತುದಿಯವರೆಗೆ. ನಾನು ಕುಣಿದೆ, ಅತ್ತುಬಿಟ್ಟೆ, ಕಂಡಕಂಡವರ ಬಾಯಿಗೆ ಪೇಢೆ ಇಟ್ಟೆ. ಇನ್ನೊಂದು ಡಬ್ಬಿ ಹಿಡಿದು, ಅವಳ ಕೈಹಿಡಿದು ಕಾಕಾ ಮನೆಗೆ ನಡೆದೆ. ಅವರ ಹೆಂಡತಿ ಬಾಗಿಲು ತೆರೆದರು.

"ಕಾಕೂ, ಹುಡುಗಿ ಓಡಾಕತ್ತಾಳ್ರಿ! ಎಲ್ಲಾ ಕಾಕಾರ ಪುಣ್ಯಾ!"

"ಅಂಗಡಿ ಮುಚ್ಚಿದ ಮ್ಯಾಲ ಅವರು ದಿನಾ ಕಟ್ಟಿ ಮ್ಯಾಲ ಕುಂಡ್ರತಿದ್ರವ್ವಾ, ಯಾರರೆ ಮಾತಾಡ್ಸಾಕ ಬರ್ತಾರಂತ. ಕೆಲಸಾ ಬಿದ್ದಾಗಷ್ಟ ನೀ ಬಂದಿ."

ಹುಡುಗಿಯನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು, ಆ ಪಾದವನ್ನು ಸವರಿ ಸವರಿ ನೋಡಿದರು. ಒಳಗಿನಿಂದ ಹಾಲು ತಂದು ಕುಡಿಸಿದರು.

ನನಗೆ ಕೂಡ್ರು ಎನ್ನಲಿಲ್ಲ.