ಎಡಪುಟದ ಮೇಷ್ಟ್ರು

ಪರೀಕ್ಷೆಯಲ್ಲಿ ಮಗಳು ಯಾವ ಪುಟದ್ದು ಬರೆದುಬಿಡುತ್ತಾಳೋ ಎಂಬ ಚಿಂತೆ ವಾರದಿಂದ ನನ್ನ ತಲೆ ತಿನ್ನುತ್ತಿದೆ. ಇದಕ್ಕೆಲ್ಲ ಕಾರಣ ಅವಳ ಇತಿಹಾಸದ ಮೇಷ್ಟ್ರು. ಪಕ್ಕದ ದೇಶದ ಪಾಠ ಬಂತೆಂದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ ಒಂದೇ ಯುದ್ಧವನ್ನು ಎರಡು ಸಲ ಬರೆಸುತ್ತಾರೆ: ಬಲಪುಟದಲ್ಲಿ ನಮ್ಮ ಪುಸ್ತಕದ್ದು, ಎಡಪುಟದಲ್ಲಿ ಅವರ ಪುಸ್ತಕದ್ದು. ಎರಡರಲ್ಲೂ ‘ನಾವು ಗೆದ್ದೆವು’ ಎಂದೇ ಇದೆ. ಹಾಗಾದರೆ ಸೋತಿದ್ದು ಯಾರು ಅಂತ ಮಗಳು ಕೇಳಿದರೆ, “ಕುದುರೆಗಳು ಕಣಮ್ಮ” ಅನ್ನುತ್ತಾರಂತೆ. ಪೋಷಕರ ಸಭೆಯಲ್ಲಿ ನಾನು ತಕರಾರು ತೆಗೆದಾಗಲೂ, “ಬಲಪುಟ ಪರೀಕ್ಷೆಗೆ ತಾಯೀ, ಎಡಪುಟ ನನಗೋಸ್ಕರ” ಎಂದು ನಕ್ಕುಬಿಟ್ಟರು. ಇವತ್ತು ಹೆಡ್‌ಮಿಸ್‌ಗೇ ದೂರು ಹೇಳೋಣವೆಂದು ಫೋನು ಕೈಗೆತ್ತಿಕೊಂಡೆ. “ಎಡಪುಟದ್ದೆಲ್ಲ ಮೇಷ್ಟ್ರ ಅಕ್ಕ ಫೋನಲ್ಲಿ ಓದಿ ಹೇಳೋದಮ್ಮ,” ಅಂದಳು ಮಗಳು. “ಮದುವೆಯಾಗಿ ಆ ದೇಶಕ್ಕೆ ಹೋದೋರು, ಅಲ್ಲಿ ಟೀಚರು. ಗಡಿ ಮುಚ್ಚಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಲ್ಲ. ಮನೆ ಮಾತು ತೆಗೆದ್ರೆ ಅಳು ಬರುತ್ತಂತೆ, ಅದಕ್ಕೇ ಒಬ್ಬರಿಗೊಬ್ಬರು ಪಾಠ ಓದಿ ಹೇಳ್ತಾರೆ.” ನೋಟ್‌ಬುಕ್ ತಿರುವಿ ನೋಡಿದೆ. ಕೊನೆಯ ಎಡಪುಟ ಅರ್ಧಕ್ಕೇ ನಿಂತಿತ್ತು. ಹೆಡ್‌ಮಿಸ್ ನಂಬರು ಬಿಟ್ಟು ಮೇಷ್ಟ್ರ ನಂಬರು ಒತ್ತಿದೆ. “ಮೇಷ್ಟ್ರೇ, ಮಗಳದ್ದು ಎಡಪುಟ ಅರ್ಧಕ್ಕೇ ನಿಂತಿದೆ. ಅಕ್ಕನ್ನ ಕೇಳಿ ಹೇಳ್ತೀರಾ?”